ಡಚ್ಚರ ನಾಡಿನ ಕ್ಯಾಸಲ್‌ಗಳು: ಕೈಯಲ್ಲಿ ಒಂದೇ ದಿನ ಇದ್ದರೆ ಯಾವುದಕ್ಕೆ ಹೋಗೋದು?

ಊರಿಂದ ಯಾರೇ ಬರಲಿ, ಮೂರನೇ ದಿನಕ್ಕೆ ಆ ಮಾತು ಬಂದೇ ಬರುತ್ತದೆ. "ಕಾಲುವೆ ನೋಡಿದ್ದಾಯ್ತು, ವಿಂಡ್‌ಮಿಲ್ ನೋಡಿದ್ದಾಯ್ತು. ಒಂದು ಕ್ಯಾಸಲ್ ತೋರಿಸಲ್ವಾ?" ಆಮ್‌ಸ್ಟೆಲ್‌ವೀನ್‌ಗೆ ಬಂದ ಮೇಲೆ ಅಮ್ಮ, ಅತ್ತೆ, ಮಾವ, ಚಿಕ್ಕಪ್ಪನ ಮಕ್ಕಳು ಅಂತ ಎಲ್ಲರನ್ನೂ ಕರೆದುಕೊಂಡು ತಿರುಗಿದ್ದೇನೆ. ಕೆಲವು ಸಲ ಸರಿಯಾದ ಜಾಗಕ್ಕೆ ಹೋಗಿದ್ದೇವೆ. ಕೆಲವು ಸಲ ಸರಿಯಾದ ಜನರನ್ನು ತಪ್ಪು ಜಾಗಕ್ಕೆ ಕರೆದೊಯ್ದಿದ್ದೇನೆ. ಮೊಣಕಾಲು ನೋವಿನ ಅತ್ತೆಯನ್ನು ಸುರುಳಿ ಮೆಟ್ಟಿಲು ಹತ್ತಿಸಿದ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಫೋಟೋ, ತೋಟ, ವಯಸ್ಸಾದವರು ಜೊತೆಗಿದ್ದರೆ ದ ಹಾರ್. ನಿಜವಾಗಿ ಹಳೆಯದನ್ನು ನೋಡಬೇಕು, ಆಮ್‌ಸ್ಟರ್‌ಡ್ಯಾಮ್‌ನಿಂದ ದೂರ ಹೋಗೋಕೆ ಆಗಲ್ಲ ಅಂದರೆ ಮೌಡರ್‌ಸ್ಲಾಟ್. ಕಾರಿದ್ದು, ಒಂದು ಒಳ್ಳೆಯ ಕಥೆ ಬೇಕು ಅಂದರೆ ಲೂವೆಸ್ಟೈನ್. ಎರಡನೇ ಸಲ ಬಂದವರಿಗೆ ಆಮೆರೊಂಗನ್ ಮತ್ತು ಡೋರ್ನ್. ಯಾಕೆ ಅಂತ ತಿಳಿಯಬೇಕಾದರೆ ಮುಂದೆ ಓದಿ.

ಮೊದಲು ನೀರಿನ ಲೆಕ್ಕ

ಕೋಟೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಬೆಟ್ಟ, ಬಂಡೆ. ಚಿತ್ರದುರ್ಗ ನೋಡಿ ಬೆಳೆದವರಿಗೆ ಇಲ್ಲಿನದು ಕೋಟೆ ಅಂತಲೇ ಅನ್ನಿಸುವುದಿಲ್ಲ. ಇಲ್ಲಿ ಬೆಟ್ಟವೂ ಇಲ್ಲ, ಕಟ್ಟೋಕೆ ಕಲ್ಲೂ ಇಲ್ಲ. ಇರುವುದು ಜೇಡಿಮಣ್ಣು ಮತ್ತು ನೀರು. ಮಣ್ಣನ್ನು ಸುಟ್ಟು ಇಟ್ಟಿಗೆ ಮಾಡಿದರು, ನೀರನ್ನು ಸುತ್ತ ತಿರುಗಿಸಿ ಕಂದಕ ಮಾಡಿದರು. ಡಚ್ ಕ್ಯಾಸಲ್ ಅಂದರೆ ಹೆಚ್ಚುಕಮ್ಮಿ ಇಷ್ಟೇ: ನೀರಿನ ಮಧ್ಯೆ ನಿಂತ ಕೆಂಪು ಇಟ್ಟಿಗೆಯ ಮನೆ.

ಇನ್ನೊಂದು ಇಸವಿ ನೆನಪಿಟ್ಟುಕೊಂಡರೆ ಎಲ್ಲ ಕ್ಯಾಸಲ್‌ಗಳ ಕಥೆಯೂ ಅರ್ಥವಾಗುತ್ತದೆ. 1672. ಫ್ರಾನ್ಸಿನ 14ನೇ ಲೂಯಿಯ ಸೈನ್ಯ ನುಗ್ಗಿ ಬಂದು ಉಟ್ರೆಕ್ಟ್ ಪ್ರಾಂತ್ಯವನ್ನೇ ಹಿಡಿಯಿತು. ಮುಂದಿನದು ಆಮ್‌ಸ್ಟರ್‌ಡ್ಯಾಮ್. ಆಗ ಡಚ್ಚರು ತೂಬು ಎತ್ತಿ ತಮ್ಮದೇ ಹೊಲ, ಹುಲ್ಲುಗಾವಲುಗಳ ಮೇಲೆ ನೀರು ಬಿಟ್ಟರು. ಮೊಣಕಾಲು ಮುಳುಗುವಷ್ಟು ನೀರು. ಸೈನ್ಯ ನಡೆಯೋಕೆ ಜಾಸ್ತಿ, ದೋಣಿ ಬಿಡೋಕೆ ಕಮ್ಮಿ. ಫ್ರೆಂಚರು ಅಲ್ಲೇ ನಿಂತರು.

ಆ ನೀರಿನ ಗೆರೆಯ ಮೇಲೆಯೇ ಮೌಡರ್‌ಸ್ಲಾಟ್ ಇದೆ, ಲೂವೆಸ್ಟೈನ್ ಇದೆ. ಎರಡೂ ಉಳಿದವು. ಗೆರೆಯ ಆಚೆ, ಫ್ರೆಂಚರ ಕಡೆ ಸಿಕ್ಕಿಬಿದ್ದವು ದ ಹಾರ್ ಮತ್ತು ಆಮೆರೊಂಗನ್. ಒಂದು ಪಾಳುಬಿತ್ತು, ಇನ್ನೊಂದು ಸುಟ್ಟುಹೋಯಿತು. ನೀವು ಇವತ್ತು ಯಾವ ಕ್ಯಾಸಲ್‌ನಲ್ಲಿ ಹಳೆಯ ಗೋಡೆ ನೋಡುತ್ತೀರಿ, ಯಾವುದರಲ್ಲಿ ಆಮೇಲೆ ಕಟ್ಟಿದ್ದನ್ನು ನೋಡುತ್ತೀರಿ ಅನ್ನುವುದನ್ನು ಬಹುಮಟ್ಟಿಗೆ ಆ ಗೆರೆಯೇ ತೀರ್ಮಾನಿಸಿದೆ.

ದ ಹಾರ್: ಚಿತ್ರದಲ್ಲಿ ಇದ್ದ ಹಾಗೇ ಇದೆ

ಉಟ್ರೆಕ್ಟ್ ಪಕ್ಕದ ಹಾರ್‌ಝೌಲೆನ್ಸ್ ಅನ್ನುವ ಹಳ್ಳಿಯಲ್ಲಿದೆ. ನೆದರ್‌ಲ್ಯಾಂಡ್ಸ್‌ನ ಅತಿ ದೊಡ್ಡ ಕ್ಯಾಸಲ್. ಚೂಪು ಗೋಪುರ, ಕಂದಕ, ಎತ್ತುವ ಸೇತುವೆ, ಕೆಂಪು ಬಿಳಿ ಬಣ್ಣದ ಕಿಟಕಿ ಬಾಗಿಲು. ಮಗುವಿನ ಕೈಗೆ ಕ್ರೆಯಾನ್ ಕೊಟ್ಟು ಕ್ಯಾಸಲ್ ಬರಿ ಅಂದರೆ ಇದನ್ನೇ ಬರೆಯುತ್ತದೆ.

ಆದರೆ ಒಂದು ಮಾತು ತಿಳಿದು ಹೋಗಿ. ನೀವು ನೋಡುತ್ತಿರುವುದು ಬಹುಪಾಲು ಹಳೇ ಕಾಲದ್ದಲ್ಲ. ದ ಹಾರ್ ಹೆಸರು ದಾಖಲೆಯಲ್ಲಿ ಸಿಗುವುದು 1391ರಿಂದ. 1440ರಲ್ಲಿ ದ ಹಾರ್ ಮನೆತನದ ಗಂಡು ಸಂತಾನ ಮುಗಿದು ಆಸ್ತಿ ವಾನ್ ಝೌಲೆನ್ ಮನೆತನಕ್ಕೆ ಬಂತು. 1482ರಲ್ಲಿ ಒಮ್ಮೆ ಹಾಳಾಯಿತು, ಮತ್ತೆ ಕಟ್ಟಿದರು. ಫ್ರೆಂಚರ ದಾಳಿಯ ಹೊತ್ತಿಗೆ ಮತ್ತೆ ಹಾಳಾಯಿತು. ಆಮೇಲೆ ಇನ್ನೂರು ವರ್ಷ ಅದು ಬರೀ ಪಾಳುಗೋಡೆ.

1890ರಲ್ಲಿ ಆ ಪಾಳು ಏಟಿಯನ್ ವಾನ್ ಝೌಲೆನ್ ಅನ್ನುವ ಬ್ಯಾರನ್ ಪಾಲಿಗೆ ಬಂತು. ಅವನು ಮೂರು ವರ್ಷ ಮೊದಲು ಮದುವೆಯಾಗಿದ್ದು ಹೆಲೆನ್ ದ ರಾಥ್‌ಸ್ಚೈಲ್ಡ್‌ಳನ್ನು. ಹೌದು, ಅದೇ ಬ್ಯಾಂಕಿನ ರಾಥ್‌ಸ್ಚೈಲ್ಡ್ ಮನೆತನ. ದುಡ್ಡು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕಟ್ಟಲು ಕರೆದದ್ದು ಪಿಯರ್ ಕೌಪರ್ಸ್‌ನನ್ನು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ, ಸೆಂಟ್ರಲ್ ಸ್ಟೇಷನ್ ಎರಡೂ ಅವನ ಕೈದೇ. ಕೆಲಸ 1892ರಿಂದ 1912ರವರೆಗೆ ನಡೆಯಿತು. ಮೈಸೂರು ಅರಮನೆ ಬೆಂಕಿಗೆ ಸಿಕ್ಕಿದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ. ಅಂದರೆ ದ ಹಾರ್ ನಮ್ಮ ಅಂಬಾವಿಲಾಸದ ವಾರಿಗೆಯದು. ಇದನ್ನು ಹೇಳಿದಾಗ ಮಾವ ತುಸು ಬೇಸರಪಟ್ಟರು. "ಹಂಗಾದ್ರೆ ಇದು ಹಳೇದೇ ಅಲ್ವಲ್ಲೋ" ಅಂದರು. ಒಳಗೆ ಹೋಗಿ ಬಂದ ಮೇಲೆ ಬೇಸರ ಹೋಗಿತ್ತು.

ಒಟ್ಟು 200 ಕೋಣೆ, 30 ಬಚ್ಚಲು. ನಮಗೆ ನೋಡಲು ಸಿಗುವುದು ಅದರಲ್ಲಿ ಸ್ವಲ್ಪವೇ. ಹೊರಗೆ ಮಧ್ಯಯುಗ, ಒಳಗೆ ಆ ಕಾಲದ ಹೊಚ್ಚಹೊಸ ಸೌಕರ್ಯ. ಸ್ವಂತ ಜನರೇಟರ್‌ನಿಂದ ವಿದ್ಯುತ್ ದೀಪ, ಹಬೆಯಿಂದ ಇಡೀ ಮನೆ ಬೆಚ್ಚಗೆ. ನಡುವಿನ ಹಜಾರ ಥೇಟ್ ಚರ್ಚ್. ಕೌಪರ್ಸ್ ಜೀವನವಿಡೀ ಚರ್ಚ್ ಕಟ್ಟಿದವನು, ಕೈ ಸುಮ್ನಿರಲಿಲ್ಲ. ಮೊದಲ ಮಹಡಿಯ ಪಡಸಾಲೆಯ ಮೂಲೆಯಲ್ಲಿ ತನ್ನದೇ ಮುಖದ ಒಂದು ಗೊಂಬೆಯನ್ನೂ ಕೂರಿಸಿದ್ದಾನೆ, ಹುಡುಕಿ ನೋಡಿ. ರಾಥ್‌ಸ್ಚೈಲ್ಡ್ ಮನೆಯ ಮಗಳಿಗಾಗಿ ಬಾಲ್ಕನಿಯಲ್ಲಿ ದಾವಿದನ ಆರು ಮೂಲೆಯ ನಕ್ಷತ್ರವಿದೆ. ಹೊರಗಿನ ಗೋಡೆಯನ್ನು ಹತ್ತಿರ ಹೋಗಿ ನೋಡಿದರೆ ಹಳೆಯ ಗೋಡೆಗೂ ಹೊಸತಕ್ಕೂ ಇಟ್ಟಿಗೆಯೇ ಬೇರೆ. ಎಲ್ಲಿಂದ ತನ್ನ ಕೆಲಸ ಶುರು ಅಂತ ಗೊತ್ತಾಗಲಿ ಅಂತಲೇ ಅವನು ಬೇರೆ ಇಟ್ಟಿಗೆ ಬಳಸಿದ. ಈ ಪ್ರಾಮಾಣಿಕತೆ ನನಗೆ ಗೋಪುರಗಳಿಗಿಂತ ಇಷ್ಟ.

ಅಮ್ಮನಿಗೆ ಇಷ್ಟವಾದದ್ದು ಅಡುಗೆಮನೆ. ಸುಮಾರು 6 ಮೀಟರ್ ಉದ್ದದ ಒಲೆ. ಗೋಡೆಯುದ್ದಕ್ಕೂ ತಾಮ್ರದ ಪಾತ್ರೆ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಗೋಡೆಯ ಟೈಲ್‌ಗಳ ಮೇಲೆ ಎರಡೂ ಮನೆತನಗಳ ಲಾಂಛನ, ಅದಕ್ಕೆಂದೇ ಫ್ರಾನೆಕರ್ ಊರಲ್ಲಿ ಸುಡಿಸಿ ತಂದದ್ದು. ಅಮ್ಮ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. "ಹುಣಸೆಹಣ್ಣು ಇಲ್ದೆ ಇಷ್ಟು ಫಳಫಳ ಅನ್ನಿಸೋದು ಹೇಗೆ?" ಅನ್ನುವುದೇ ಅವಳ ಪ್ರಶ್ನೆ. ಅಲ್ಲಿದ್ದವರನ್ನು ಕೇಳು ಅಂದೆ, ನಾಚಿಕೊಂಡಳು.

ತೋಟದ ಕಥೆಯೂ ಹೇಳಬೇಕು. ಬ್ಯಾರನ್‌ಗೆ ತೋಟ ಬೇಕು, ಆದರೆ ಸಸಿ ಬೆಳೆಯುವ ತನಕ ಕಾಯಲು ಮನಸ್ಸಿಲ್ಲ. ನಲವತ್ತು ವರ್ಷ ಬೆಳೆದ ಮರಗಳನ್ನೇ ಬೇರು ಸಮೇತ ತರಿಸಿದ. ಒಟ್ಟು 7000 ಮರ. ಉಟ್ರೆಕ್ಟ್‌ನ ಬೀದಿಯಲ್ಲಿ ಮರ ತಿರುಗಿಸಲು ಜಾಗ ಸಾಲದೆ, ಅಡ್ಡ ಬಂದ ಮನೆಯೊಂದನ್ನು ಕೊಂಡು ಕೆಡವಿಸಿದ. ಇನ್ನೂ ದೊಡ್ಡ ಅಡ್ಡಿ ಅಂದರೆ ತೋಟ ಬರಬೇಕಾದ ಜಾಗದಲ್ಲಿ ಇದ್ದ ಊರು. ಅದನ್ನೂ ಎತ್ತಿಸಿ ಒಂದು ಕಿಲೋಮೀಟರ್ ಆಚೆ ಹೊಸದಾಗಿ ಕಟ್ಟಿಸಿದ. ಚರ್ಚ್ ಮಾತ್ರ ಹಳೇ ಜಾಗದಲ್ಲಿ ಉಳಿಯಿತು. ಕ್ಯಾಸಲ್ ನೋಡಿದ ಮೇಲೆ ಆ ಹೊಸ ಊರಿಗೆ ಒಂದು ಸುತ್ತು ನಡೆದು ಬನ್ನಿ. ಮನೆಗಳ ಕಿಟಕಿ ಬಾಗಿಲುಗಳಿಗೆಲ್ಲ ಅದೇ ಕೆಂಪು ಬಿಳಿ ಬಣ್ಣ. ನೋಡೋಕೆ ಚೆಂದ. ಊರನ್ನೇ ಎತ್ತಿಸಿಕೊಂಡವರಿಗೆ ಹೇಗನ್ನಿಸಿತೋ ಅಂತಲೂ ಅನ್ನಿಸುತ್ತದೆ.

2000ದಲ್ಲಿ ಮನೆತನದವರು ಕ್ಯಾಸಲ್ಲನ್ನು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿದರು. ವರ್ಷಕ್ಕೆ ಒಂದು ತಿಂಗಳು ಬಂದು ಇರುವ ಹಕ್ಕು ಮಾತ್ರ ಇಟ್ಟುಕೊಂಡರು. ತೋಟಕ್ಕೇ ಬೇರೆ ಟಿಕೆಟ್ ಇದೆ, ಒಳಗೆ ಹೋಗುವ ಆಸಕ್ತಿ ಇಲ್ಲದವರಿಗೆ ಅದೇ ಸಾಕು. ಶನಿವಾರ, ಭಾನುವಾರ ಬಿಸಿಲಿದ್ದರೆ ಜಾತ್ರೆ. ವಾರದ ಮಧ್ಯೆ ಹೋಗಿ.

ಮೌಡರ್‌ಸ್ಲಾಟ್: ಚಿಕ್ಕದು, ಆದರೆ ಅಸಲು

ಈ ಹೆಸರಿನ ಮೊದಲ ಅಕ್ಷರ ಡಚ್ಚರ ಬಾಯಲ್ಲಿ "ಮೌ" ಮತ್ತು "ಮೈ" ನಡುವೆ ಎಲ್ಲೋ ಬರುತ್ತದೆ. ನಾನಂತೂ ಸರಿಯಾಗಿ ಹೇಳುವ ಆಸೆ ಬಿಟ್ಟಿದ್ದೇನೆ. ವೆಖ್ತ್ ನದಿ ಹಿಂದೆ ಸಮುದ್ರ ಸೇರುತ್ತಿದ್ದ ಬಾಯಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಬೇಸಿಗೆಯಲ್ಲಿ ದೋಣಿಯಲ್ಲೂ ಹೋಗಬಹುದು, ಮಕ್ಕಳಿದ್ದರೆ ಹಾಗೇ ಹೋಗಿ.

ಕಟ್ಟಿಸಿದವನು ಹಾಲೆಂಡಿನ ಕೌಂಟ್ 5ನೇ ಫ್ಲೋರಿಸ್, 1285ರ ಸುಮಾರಿಗೆ. ಉಟ್ರೆಕ್ಟ್ ಕಡೆ ಹೋಗುವ ಹಡಗುಗಳೆಲ್ಲ ಈ ಬಾಗಿಲ ಮುಂದೆಯೇ ಹಾಯಬೇಕು. ಸುಂಕ ಕಟ್ಟು, ಮುಂದೆ ಹೋಗು. ಅಂದರೆ ಒಂದು ರೀತಿ ಟೋಲ್‌ಗೇಟ್. ಬಡವರ ಪರ ಅಂತ ಹೆಸರಾಗಿದ್ದ ಫ್ಲೋರಿಸ್‌ನನ್ನು ದೊಡ್ಡ ಮನೆತನದವರು "ರೈತರ ದೇವರು" ಅಂತ ಗೇಲಿ ಮಾಡುತ್ತಿದ್ದರು. 1296ರಲ್ಲಿ ಅವರಲ್ಲೇ ಕೆಲವರು ಅವನನ್ನು ಹಿಡಿದು ಇದೇ ಕ್ಯಾಸಲ್‌ನಲ್ಲಿ ಕೂಡಿಹಾಕಿದರು. ಸ್ವಂತ ಕೋಟೆಯಲ್ಲೇ ಸೆರೆ. ಸಾಗಿಸಿಕೊಂಡು ಹೋಗುವಾಗ ಬಿಡಿಸಲು ಜನ ಅಡ್ಡ ಬಂದರು. ಗಾಬರಿಬಿದ್ದವರು ಅವನನ್ನು ಇರಿದು ಓಡಿದರು.

ಆ ಮೊದಲ ಕಟ್ಟಡವನ್ನು ಸ್ವಲ್ಪ ಕಾಲಕ್ಕೇ ಕೆಡವಿದರು. ಈಗಿರುವುದು ಅದೇ ನಕ್ಷೆಯಲ್ಲಿ 1370ರ ನಂತರ ಎದ್ದದ್ದು. ಅಳತೆ ಸುಮಾರು 32 ಮೀಟರ್‌ಗೆ 35 ಮೀಟರ್, ಅಷ್ಟೇ. ನಾಲ್ಕು ಮೂಲೆಗೆ ನಾಲ್ಕು ಬುರುಜು, ಮಧ್ಯೆ ಅಂಗಳ, ಒಂದೂವರೆ ಮೀಟರ್‌ಗಿಂತ ದಪ್ಪದ ಗೋಡೆ. ದ ಹಾರ್ ನೋಡಿ ಬಂದವರು "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ. ಆದರೆ ಇಲ್ಲಿ ಯಾವುದೂ ಚೆಂದಕ್ಕೆ ಅಂತ ಮಾಡಿದ್ದಲ್ಲ. ಕಿಂಡಿ ಇರುವುದು ಬಾಣ ಬಿಡೋಕೆ, ಮೆಟ್ಟಿಲು ಕಿರಿದಾಗಿರುವುದು ಮೇಲೆ ಬರುವವನು ಒಬ್ಬೊಬ್ಬನೇ ಬರಲಿ ಅಂತ. ಬುರುಜಿನ ಸುರುಳಿ ಮೆಟ್ಟಿಲಲ್ಲಿ ಒಳಗಡೆಯ ತುದಿಗೆ ಪಾದ ಅರ್ಧವೂ ಹಿಡಿಯುವುದಿಲ್ಲ. ಗೋಡೆ ಸವರಿಕೊಂಡು ಹತ್ತಬೇಕು. ಅತ್ತೆಯ ಕಥೆ ನಡೆದದ್ದು ಇಲ್ಲೇ. ಮಕ್ಕಳಿಗೆ ಮಾತ್ರ ಇದೇ ಮೋಜು, ಮೂರು ಸಲ ಹತ್ತಿ ಇಳಿದರು.

ಇದರ ಇನ್ನೊಂದು ಮುಖ ಕವಿ ಪಿ. ಸಿ. ಹೋಫ್ತ್. 1609ರಿಂದ 1647ರಲ್ಲಿ ತೀರಿಕೊಳ್ಳುವ ತನಕ ಇಲ್ಲಿನ ಅಧಿಕಾರಿ ಅವನೇ. ಬೇಸಿಗೆಗೆ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದು ಇರುತ್ತಿದ್ದ. ವೊಂಡೆಲ್, ಹೌಖೆನ್ಸ್‌ರಂಥ ಕವಿಗಳು ಬಂದು ಹೋಗುತ್ತಿದ್ದರು. ತೋಟದಲ್ಲಿ ಪ್ಲಮ್ ಹಣ್ಣಾಗಿದೆ, ತಿನ್ನೋಕೆ ಬನ್ನಿ ಅಂತ ಗೆಳೆಯರಿಗೆ ಪತ್ರ ಬರೆಯುತ್ತಿದ್ದ. ಮಾವಿನಹಣ್ಣಿನ ಕಾಲಕ್ಕೆ ನೆಂಟರನ್ನು ಕರೆಯುವ ನಮ್ಮವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆ ಗೆಳೆಯರ ಗುಂಪಿಗೆ "ಮೌಡರ್ ಬಳಗ" ಅನ್ನುವ ಹೆಸರು ಬಂದದ್ದು ಬಹಳ ಆಮೇಲೆ.

1825ರಲ್ಲಿ ಇದನ್ನು ಕೆಡವಿ ಸಾಮಾನು ಮಾರುವ ಲೆಕ್ಕದಲ್ಲಿ ಹರಾಜಿಗೆ ಇಟ್ಟಿದ್ದರು. ದೊರೆ 1ನೇ ವಿಲಿಯಂ ತಡೆದ. ಸರಿಯಾಗಿ ದುರಸ್ತಿ ಮಾಡುವಷ್ಟು ದುಡ್ಡು ಕೂಡಿಬರಲು ಮತ್ತೆ 70 ವರ್ಷ ಹಿಡಿಯಿತು. ಈಗ ಒಳಗಿನ ಕೋಣೆಗಳನ್ನು ಹೋಫ್ತ್‌ನ ಕಾಲದ ಹಾಗೆ ಜೋಡಿಸಿದ್ದಾರೆ.

ಲೂವೆಸ್ಟೈನ್: ಪೆಟ್ಟಿಗೆಯ ಕಥೆ

ನನ್ನ ಓಟು ಇದಕ್ಕೆ. ತಲುಪೋದು ಮಾತ್ರ ಸ್ವಲ್ಪ ಕಷ್ಟ. ಮಾಸ್ ಮತ್ತು ವಾಲ್ ನದಿಗಳು ಕೂಡುವ ಮೂಲೆಯಲ್ಲಿ, ಮೂರು ಕಡೆ ನೀರಿನ ನಡುವೆ ಒಂಟಿಯಾಗಿ ನಿಂತಿದೆ. ಬೇಸಿಗೆಯಲ್ಲಿ ಎದುರು ದಡದ ಊರುಗಳಿಂದ ದೋಣಿ ಉಂಟು. ಉಳಿದಂತೆ ಕಾರು ಬೇಕು. 14ನೇ ಶತಮಾನದಲ್ಲಿ ಡಿರ್ಕ್ ಲೂಫ್ ವಾನ್ ಹೋರ್ನ್ ಕಟ್ಟಿಸಿದ, "ಲೂವೆಸ್ಟೈನ್" ಅನ್ನುವ ಹೆಸರಿನಲ್ಲಿರುವ ಲೂಫ್ ಅವನೇ. ಅಲಂಕಾರ ಅನ್ನುವುದು ಇಲ್ಲವೇ ಇಲ್ಲ. ಒರಟು ಇಟ್ಟಿಗೆ, ಸಣ್ಣ ಕಿಟಕಿ, ಸುತ್ತ ಮಣ್ಣಿನ ದಿಬ್ಬದ ಕೋಟೆ.

1619ರಲ್ಲಿ ಇದು ಸರ್ಕಾರದ ಜೈಲಾಯಿತು. ಒಳಗೆ ಬಂದವರಲ್ಲಿ ಒಬ್ಬ ಹ್ಯೂಗೋ ದ ಗ್ರೂಟ್, ಲೋಕಕ್ಕೆ ಗೊತ್ತಿರುವ ಹೆಸರು ಗ್ರೋಶಿಯಸ್. ಸಮುದ್ರ ಯಾರೊಬ್ಬರ ಆಸ್ತಿಯೂ ಅಲ್ಲ ಅಂತ 1609ರಲ್ಲೇ ವಾದಿಸಿದವನು. ಆ ವಾದ ಹುಟ್ಟಿದ್ದೇ ನಮ್ಮ ಕಡೆಯ ಸಮುದ್ರಕ್ಕಾಗಿ: ಭಾರತ ಮತ್ತು ಪೂರ್ವದ ದ್ವೀಪಗಳ ವ್ಯಾಪಾರ ತಮ್ಮದೊಬ್ಬರದೇ ಅಂತ ಪೋರ್ಚುಗೀಸರು ಹೇಳುತ್ತಿದ್ದರು, ಡಚ್ಚರು ಒಪ್ಪಲಿಲ್ಲ. ಇಂಥ ಮನುಷ್ಯ ಧರ್ಮದ ಜಗಳ, ರಾಜಕೀಯದ ಜಗಳ ಎರಡರಲ್ಲೂ ಸೋತ ಪಕ್ಷದಲ್ಲಿದ್ದ. ಜೀವಾವಧಿ ಶಿಕ್ಷೆ ಬಿತ್ತು.

ಹೆಂಡತಿ ಮರಿಯಾ ಜೊತೆಗೇ ಬಂದು ಇದ್ದಳು. ಓದಲು ಪುಸ್ತಕ ತರಿಸಿಕೊಳ್ಳಲು ಅಪ್ಪಣೆ ಇತ್ತು. ಖೋರಿಂಖೆಮ್ ಊರಿಂದ ದೊಡ್ಡ ಪೆಟ್ಟಿಗೆಯಲ್ಲಿ ಪುಸ್ತಕ ಬರುವುದು, ಓದಿದ್ದು ವಾಪಸ್ ಹೋಗುವುದು. ಮೊದಮೊದಲು ಕಾವಲಿನವರು ಮುಚ್ಚಳ ತೆಗೆದು ನೋಡುತ್ತಿದ್ದರು. ಆಮೇಲೆ ಬೇಜಾರಾಗಿ ಬಿಟ್ಟರು. ಮರಿಯಾ ಅದನ್ನು ಗಮನಿಸಿದಳು. 1621ರ ಮಾರ್ಚ್ 22ರಂದು ಪೆಟ್ಟಿಗೆಯಲ್ಲಿ ಪುಸ್ತಕದ ಬದಲು ಗಂಡ ಮುದುರಿ ಮಲಗಿದ. ಹೊತ್ತ ಸೈನಿಕರು ಭಾರ ಜಾಸ್ತಿ ಅಂತ ಗೊಣಗಿದರಂತೆ. ಪೆಟ್ಟಿಗೆಯ ಜೊತೆ ದೋಣಿ ಹತ್ತಿದ್ದು ಎಲ್ಶೆ, ಮನೆಗೆಲಸದ ಹುಡುಗಿ. ನದಿ ದಾಟಿ ಖೋರಿಂಖೆಮ್ ತಲುಪುವವರೆಗೆ ಅವಳು ಮುಖದಲ್ಲಿ ಏನೂ ತೋರಿಸುವಂತಿಲ್ಲ. ಗ್ರೋಶಿಯಸ್ ಅಲ್ಲಿಂದ ಗಾರೆ ಕೆಲಸದವನ ವೇಷದಲ್ಲಿ ತಪ್ಪಿಸಿಕೊಂಡು, ಕೊನೆಗೆ ಪ್ಯಾರಿಸ್ ಸೇರಿದ. ಅಂತರರಾಷ್ಟ್ರೀಯ ಕಾನೂನಿಗೆ ಬುನಾದಿ ಅನ್ನುವ ಅವನ ದೊಡ್ಡ ಗ್ರಂಥ 1625ರಲ್ಲಿ ಅಲ್ಲೇ ಅಚ್ಚಾಯಿತು.

ಆ ಕೋಣೆಯಲ್ಲಿ ನಿಂತು ಕಿಟಕಿಯಿಂದ ನದಿ ನೋಡಬೇಕು. ಪೆಟ್ಟಿಗೆಯೂ ಅಲ್ಲಿದೆ. ತಮಾಷೆ ಏನೆಂದರೆ "ಇದೇ ಆ ಪೆಟ್ಟಿಗೆ" ಅನ್ನುವುದು ರೈಕ್ಸ್‌ಮ್ಯೂಸಿಯಂನಲ್ಲಿ ಒಂದಿದೆ, ಡೆಲ್ಫ್ಟ್‌ನಲ್ಲೂ ಒಂದಿದೆ. ಯಾವುದು ನಿಜ ಅಂತ ಚಿಂತೆ ಬೇಡ. ನಮ್ಮ ಹುಡುಗ ಲೂವೆಸ್ಟೈನ್‌ನಲ್ಲಿ ಮಂಡಿ ಗಲ್ಲಕ್ಕೆ ಹಚ್ಚಿ ನೆಲದ ಮೇಲೆ ಮುದುರಿ ಮಲಗಿ ನೋಡಿದ. ಎರಡು ನಿಮಿಷಕ್ಕೆ ಎದ್ದುಬಿಟ್ಟ.

ಆಮೆರೊಂಗನ್ ಮತ್ತು ಡೋರ್ನ್: ಒಬ್ಬ ದೊರೆ, ಎರಡು ಮನೆ

ಇವೆರಡೂ ಹತ್ತಿರ ಹತ್ತಿರ, ಕಾರಿದ್ದರೆ ಒಂದೇ ದಿನ ಆಗುತ್ತದೆ. ಇವು ಕೋಟೆಯಲ್ಲ, ಬದುಕಿದ ಮನೆಗಳು.

ಆಮೆರೊಂಗನ್ 1673ರಲ್ಲಿ ಫ್ರೆಂಚರು ಸುಟ್ಟದ್ದು. ಯಜಮಾನ ಗೋಡಾರ್ಡ್ ಆಡ್ರಿಯಾನ್ ವಾನ್ ರೇಡೆ ರಾಯಭಾರಿ, ಸದಾ ಪರದೇಶ. ಮತ್ತೆ ಕಟ್ಟಿಸಿದ್ದು ಅವನ ಹೆಂಡತಿ ಮಾರ್ಗರೇಟಾ ಟರ್ನರ್. ಇಟ್ಟಿಗೆ ಲೆಕ್ಕ, ಮರದ ಲೆಕ್ಕ, ಕೂಲಿಯವರ ಕಿರಿಕಿರಿ ಎಲ್ಲವನ್ನೂ ಗಂಡನಿಗೆ ಪತ್ರದಲ್ಲಿ ಬರೆದಳು, ಆ ಪತ್ರಗಳು ಉಳಿದಿವೆ. ಮನೆ ಕಟ್ಟಿಸಿ ಕೈಸುಟ್ಟುಕೊಂಡ ಯಾರಿಗಾದರೂ ಅವಳ ಮೇಲೆ ಅಕ್ಕರೆ ಹುಟ್ಟುತ್ತದೆ. ಗೋಪುರ ಗೀಪುರ ಏನಿಲ್ಲ. ನೀರಿನ ಮಧ್ಯೆ ನೇರ, ಸಪಾಟು, ದೊಡ್ಡದೊಂದು ಇಟ್ಟಿಗೆಯ ಚೌಕ.

1918ರ ನವೆಂಬರ್‌ನಲ್ಲಿ ಜರ್ಮನಿಯ ಕೈಸರ್ 2ನೇ ವಿಲ್ಹೆಲ್ಮ್ ಯುದ್ಧ ಸೋತು ಓಡಿಬಂದು ಇಲ್ಲಿ ಇಳಿದ. ಕೆಲವೇ ದಿನದ ನೆಂಟ ಅಂದುಕೊಂಡಿದ್ದರು. ಹೋದದ್ದು 1920ರ ಮೇ ತಿಂಗಳಲ್ಲಿ. ನೆಂಟರ ವಿಷಯದಲ್ಲಿ ನಮಗಿರುವ ಅನುಭವ ಅವರಿಗೂ ಆಯಿತು. ಸಿಂಹಾಸನ ಬಿಟ್ಟುಕೊಡುವ ಪತ್ರಕ್ಕೆ 1918ರ ನವೆಂಬರ್ 28ರಂದು ಸಹಿ ಹಾಕಿದ್ದು ಇದೇ ಮನೆಯಲ್ಲಿ.

ಆಮೇಲೆ ಪಕ್ಕದ ಡೋರ್ನ್‌ನಲ್ಲಿ ಸ್ವಂತ ಮನೆ ಕೊಂಡ. ಬರ್ಲಿನ್ ಕಡೆಯ ಅರಮನೆಗಳಿಂದ 59 ರೈಲು ವ್ಯಾಗನ್ ಸಾಮಾನು ಬಂತು. ಚಿಕ್ಕ ಮನೆ, ಅರಮನೆಯ ಸಾಮಾನು. ಒಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತದೆ. ಬರೆಯುವ ಮೇಜಿನ ಮುಂದೆ ಕುರ್ಚಿ ಬದಲು ಕುದುರೆಯ ಜೀನು ಇದೆ, ಅದರ ಮೇಲೇ ಕೂತು ಬರೆಯುತ್ತಿದ್ದ. ದಿನಾ ಕಟ್ಟಿಗೆ ಕಡಿಯುತ್ತಿದ್ದ. 1941ರ ಜೂನ್ 4ರಂದು ತೀರಿಕೊಂಡ, ತೋಟದಲ್ಲೇ ಅವನ ಗೋರಿ. ನನ್ನನ್ನು ಕೇಳಿದರೆ ಚೆಂದ ಆಮೆರೊಂಗನ್, ಮನಸ್ಸಿನಲ್ಲಿ ಉಳಿಯೋದು ಡೋರ್ನ್.

ಇನ್ನೆರಡು, ಚುಟುಕಾಗಿ

ಉಟ್ರೆಕ್ಟ್‌ನಲ್ಲಿ ಅರ್ಧ ದಿನ ಮಿಕ್ಕಿದೆ, ಸೈಕಲ್ ಬರುತ್ತದೆ ಅಂದರೆ ವೆಖ್ತ್ ನದಿಯ ದಡದಲ್ಲೇ ತುಳಿದುಕೊಂಡು ಸ್ಲಾಟ್ ಝೌಲೆನ್‌ಗೆ ಹೋಗಿ. 1740ರಲ್ಲಿ ಲೇಖಕಿ ಬೆಲ್ಲೆ ವಾನ್ ಝೌಲೆನ್ ಹುಟ್ಟಿದ ಮನೆ. ತೋಟದಲ್ಲಿ ಹಾವಿನಂತೆ ಡೊಂಕು ಡೊಂಕಾಗಿ ಹೋಗುವ ಒಂದು ಇಟ್ಟಿಗೆ ಗೋಡೆಯಿದೆ. ಗಾಳಿ ತಾಕದ, ಬಿಸಿಲು ಹಿಡಿದಿಡುವ ಆ ಡೊಂಕುಗಳಲ್ಲಿ ಈ ಚಳಿ ದೇಶದಲ್ಲೂ ಅಂಜೂರ, ದ್ರಾಕ್ಷಿ, ಪೀಚ್ ಹಣ್ಣಾಗುತ್ತವೆ. ಸಂಜೆ ಗೋಡೆಗೆ ಅಂಗೈ ಇಟ್ಟು ನೋಡಿ, ಬೆಚ್ಚಗಿರುತ್ತದೆ.

ಟುಲಿಪ್ ನೋಡೋಕೆ ಕ್ಯೂಕನ್‌ಹೋಫ್‌ಗೆ ಹೋಗುವವರಿಗೆ ಅದೇ ಹೆಸರಿನ ಕ್ಯಾಸಲ್ ರಸ್ತೆಯ ಎದುರು ಬದಿಯಲ್ಲೇ ಇದೆ ಅನ್ನುವುದು ಗೊತ್ತಿರುವುದಿಲ್ಲ. 1641ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಮಾಂಡರ್ ಒಬ್ಬ ಕಟ್ಟಿಸಿದ್ದು. ಕೊಚ್ಚಿ, ನಾಗಪಟ್ಟಣ ಹಿಡಿದ ಅದೇ ಕಂಪನಿ. ಅದಕ್ಕೆಂದೇ ಹೋಗುವಂಥದ್ದಲ್ಲ, ಹೂವು ನೋಡಿದ ಮೇಲೆ ಕಾಲಲ್ಲಿ ಶಕ್ತಿ ಇದ್ದರೆ ಹೋಗಿ.

ಹೊರಡುವ ಮುಂಚೆ

ಇಲ್ಲೇ ನೆಲೆಸಿದವರು ವರ್ಷದ ಮ್ಯೂಸಿಯಂಕಾರ್ಡ್ ಮಾಡಿಸಿಕೊಳ್ಳಿ, ಇವುಗಳಲ್ಲಿ ಹೆಚ್ಚಿನ ಕಡೆ ನಡೆಯುತ್ತದೆ. ಚಳಿಗಾಲದಲ್ಲಿ ತೆರೆದಿರುವ ದಿನಗಳು ಕಮ್ಮಿ, ವೆಬ್‌ಸೈಟ್ ನೋಡದೆ ಹೊರಡಬೇಡಿ. ಸುತ್ತಲೂ ನೀರಿರುವ ಕಾರಣ ಗಾಳಿ ಬೀಸಿದರೆ ಮೂಳೆ ಕೊರೆಯುತ್ತದೆ. ಮೇ ತಿಂಗಳಾದರೂ ಹಿರಿಯರಿಗೆ ಒಂದು ಸ್ವೆಟರ್ ಇರಲಿ. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು. ನಾವು ದ ಹಾರ್‌ಗೆ ಚಿತ್ರಾನ್ನ ಒಯ್ದಿದ್ದೆವು, ಬ್ಯಾರನ್ ತರಿಸಿದ ಮರದ ಕೆಳಗೆ ಕೂತು ತಿಂದೆವು.

ಲೂವೆಸ್ಟೈನ್‌ಗೆ ದೋಣಿಯಲ್ಲಿ ಹೋಗುವವರು ಮಾತ್ರ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಪೆಟ್ಟಿಗೆ ಮುಂದೆ ನಿಂತು ಕಥೆ ಹೇಳುತ್ತಾ ನಾನು ಒಮ್ಮೆ ಮರೆತೆ. ಓಡೋಡಿ ದಡಕ್ಕೆ ಬಂದಾಗ ದೋಣಿ ಆಗಲೇ ನದಿಯ ಮಧ್ಯೆ ಇತ್ತು.